ಮರೆ ಬೇಟೆ: ಕೃಷ್ಣಾ ತೀರದ ಬಯಲಿನಲ್ಲಿ ಚಿಗರಿಯ ಕಣ್ಣು ತಪ್ಪಿಸುವ ವಿದ್ಯೆ

ಮರೆ ಬೇಟೆಯೆಂದರೆ ಚಿಗರಿ (ಕೃಷ್ಣಮೃಗ), ಚುಕ್ಕೆ ಜಿಂಕೆ, ಕಡವೆಯಂಥ ಪ್ರಾಣಿಗಳನ್ನು ಬಿಲ್ಲು, ಉರುಲು ಇಲ್ಲವೆ ಬಲೆಯಿಂದ ಹಿಡಿಯಲು ನೆಲದ ಮೇಲೆಯೇ ಹೊಂಚಿ ಕೂರುವ ಅಥವಾ ಅವುಗಳ ಅರಿವಿಗೆ ಬಾರದಂತೆ ಸಮೀಪಕ್ಕೆ ಸರಿಯುವ ಬೇಟೆಯ ಕ್ರಮ. ಬಂದೂಕಿನವನು ನೂರಿನ್ನೂರು ಗಜದಾಚೆಯಿಂದ ಗುಂಡು ಹಾರಿಸಬಲ್ಲ. ಕೈಬಿಲ್ಲಿನವನಿಗೆ ಇಪ್ಪತ್ತು ಮೂವತ್ತು ಗಜ ದಾಟಿದರೆ ಗುರಿಯ ಭರವಸೆ ಇಲ್ಲ. ಮರದ ಅಟ್ಟಣೆ ಏರಿ ಕೂತವನ ಮೈವಾಸನೆ ಬಹುಮಟ್ಟಿಗೆ ಮೇಲೆಯೇ ತೇಲಿ ಹೋಗುತ್ತದೆ. ಜಿಂಕೆಗೂ ತಲೆಯೆತ್ತಿ ಮರದತ್ತ ನೋಡುವ ರೂಢಿ ಕಡಿಮೆ. ನೆಲದ ಮೇಲಿನವನಿಗೆ ಈ ಎರಡು ಅನುಕೂಲಗಳೂ ಇಲ್ಲ. ಪ್ರಾಣಿಯ ಕಣ್ಣು, ಕಿವಿ, ಮೂಗು ಯಾವ ಮಟ್ಟದಲ್ಲಿವೆಯೋ ಅದೇ ಮಟ್ಟದಲ್ಲಿ ಅವನೂ ಇರುತ್ತಾನೆ. ಹಾಗಾಗಿ ಈ ಬೇಟೆಯಲ್ಲಿ ಬಾಣ ಬಿಡುವುದು ಕೊನೆಯ ಕ್ಷಣದ ಕೆಲಸ. ಅದಕ್ಕೆ ಮೊದಲಿನ ಗಂಟೆಗಟ್ಟಲೆ ಹೊತ್ತೆಲ್ಲ ಮರೆಯಾಗಿರುವುದಕ್ಕೇ ಹೋಗುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಿಂದ ಈ ಬೇಟೆ ಅಪರಾಧವಾಗಿದೆ. ಕರ್ನಾಟಕದಲ್ಲಿ ಅದು ಈಗ ಚರಿತ್ರೆಗೆ, ಜನಾಂಗ ಅಧ್ಯಯನಕ್ಕೆ, ಪ್ರಾಣಿ ನಡವಳಿಕೆಯ ಶಾಸ್ತ್ರಕ್ಕೆ ಸೇರಿದ ವಿಷಯ.

ಸೀಮೆ ಮತ್ತು ಪ್ರಾಣಿ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಐನಾಪುರ ಕೃಷ್ಣಾ ನದಿಯ ಬಯಲಿನ ಊರು. ಇವತ್ತು ಐನಾಪುರ, ಉಗಾರ, ಶೇಡಬಾಳದ ಸುತ್ತ ಹೊರಟವರಿಗೆ ಕಣ್ಣು ಹಾಯುವಷ್ಟೂ ಕಬ್ಬು ಕಾಣುತ್ತದೆ. ಉಗಾರದ ಸಕ್ಕರೆ ಕಾರ್ಖಾನೆ ಶುರುವಾದದ್ದು 1939ರಲ್ಲಿ. ನದಿಯಿಂದ ನೀರೆತ್ತುವ ಪಂಪುಗಳು ಹೆಚ್ಚಿದ ಹಾಗೆಲ್ಲ ಎರೆಹೊಲಗಳು ಕಬ್ಬಿನ ಗದ್ದೆಗಳಾದವು. ಅದಕ್ಕೂ ಮುಂಚೆ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಬಯಲಿನಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆಯದೇ ಬೆಳೆ. ಹೊಲದ ಬದುವಿನಲ್ಲಿ ಒಂದು ಜಾಲಿ, ಒಂದು ಬನ್ನಿ, ನಡುವೆ ಹುಲ್ಲುಗಾವಲು. ಅಡಗಲು ಮರವಿಲ್ಲದ ಇಂಥ ನೆಲವೇ ಚಿಗರಿಗೆ ಇಷ್ಟ. ದಟ್ಟ ಪೊದೆಯನ್ನೂ ಎತ್ತರದ ಬೆಳೆಯನ್ನೂ ಅದು ದೂರ ಇಡುತ್ತದೆ. ಅದರ ರಕ್ಷಣೆ ಇರುವುದು ದೂರದಿಂದ ಕಾಣುವ ಕಣ್ಣಿನಲ್ಲಿ ಮತ್ತು ಗಂಟೆಗೆ 80 ಕಿಲೋಮೀಟರ್‌ವರೆಗೆ ಏರುವ ಓಟದಲ್ಲಿ.

ಈ ಸೀಮೆಯ ಪ್ರಾಣಿಗಳನ್ನು ಮೊದಲು ಶಾಸ್ತ್ರೀಯವಾಗಿ ಪಟ್ಟಿ ಮಾಡಿದವನು ವಾಲ್ಟರ್ ಎಲಿಯಟ್. 1824ರ ಕಿತ್ತೂರು ದಂಗೆಯಲ್ಲಿ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಇವನೂ ಒಬ್ಬ. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಬಗ್ಗೆ ಅವನು ಬರೆದ ಪಟ್ಟಿ 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಲ್ಲಿ ಕೃಷ್ಣಮೃಗಕ್ಕೆ ಕನ್ನಡದ ಚಿಗರಿ ಎಂಬ ಹೆಸರನ್ನೇ ಕೊಟ್ಟಿದ್ದಾನೆ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಚಿಗರಿಯೂ ಚಿಂಕಾರವೂ ಹುಲ್ಲೆಗಳು. ಅವುಗಳ ಕೊಂಬು ಉದುರುವುದಿಲ್ಲ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿಗಳು ವರ್ಷವರ್ಷವೂ ಕೊಂಬು ಕಳಚಿ ಹೊಸದು ಬೆಳೆಸಿಕೊಳ್ಳುವ ಜಿಂಕೆಗಳು. ಬೇಟೆಗಾರನಿಗೆ ಮಾತ್ರ ಈ ವಿಂಗಡಣೆಗಿಂತ ಮುಖ್ಯವಾದದ್ದು ಇನ್ನೊಂದಿತ್ತು: ಬಯಲಿನ ಪ್ರಾಣಿ ಮೊದಲು ಕಣ್ಣನ್ನು ನಂಬುತ್ತದೆ, ಕಾಡಿನ ಪ್ರಾಣಿ ಮೊದಲು ಮೂಗನ್ನೂ ಕಿವಿಯನ್ನೂ ನಂಬುತ್ತದೆ.

ಕಣ್ಣು

ಮರೆಯೆಂದರೆ ಬಣ್ಣ ಎಂದು ತಿಳಿಯುವುದು ಸಾಮಾನ್ಯ. ಹಸಿರು ಬಟ್ಟೆ ತೊಟ್ಟರೆ ಅರ್ಧ ಕೆಲಸ ಮುಗಿಯಿತು ಎಂಬ ನಂಬಿಕೆ ಇವತ್ತಿಗೂ ಇದೆ. ಜಿಂಕೆಯ ಕಣ್ಣಿನ ರಚನೆ ನೋಡಿದರೆ ಇದು ನಿಲ್ಲುವುದಿಲ್ಲ. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆ, ಗೊರಸಿನ ಪ್ರಾಣಿಗಳಲ್ಲಿ ಎರಡೇ ಬಗೆ. ಅಮೆರಿಕದ ಬಿಳಿಬಾಲದ ಜಿಂಕೆಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಬಗೆಯ ಕೋಶ 455 ನ್ಯಾನೊಮೀಟರಿನ ಆಸುಪಾಸಿನ ನೀಲಿ ಬೆಳಕಿಗೂ ಇನ್ನೊಂದು 540ರ ಆಸುಪಾಸಿನ ಹಸಿರು ಬೆಳಕಿಗೂ ಹೆಚ್ಚು ಸ್ಪಂದಿಸುತ್ತದೆ. ಕೆಂಪನ್ನೂ ಕಿತ್ತಳೆಯನ್ನೂ ಹಸಿರಿನಿಂದ ಬೇರ್ಪಡಿಸಿ ನೋಡುವ ಶಕ್ತಿ ಜಿಂಕೆಗಿಲ್ಲ. ಕೆಂಪು ಪಟಗಾ ಸುತ್ತಿದವನು ಅದರ ಕಣ್ಣಿಗೆ ಮಬ್ಬು ಬಣ್ಣದ ಒಂದು ಆಕಾರ. ಅದೇ ನೀಲಿ ಹಾಕಿ, ಟಿನೋಪಾಲಿನಲ್ಲಿ ಅದ್ದಿ ಒಣಗಿಸಿದ ಬಿಳಿ ಧೋತರ ನಮ್ಮ ಕಣ್ಣಿಗಿಂತ ಅದರ ಕಣ್ಣಿಗೆ ಹೆಚ್ಚು ಹೊಳೆಯುತ್ತದೆ. ಟಿನೋಪಾಲ್ ಪುಡಿ ನೇರಳಾತೀತ ಬೆಳಕನ್ನು ನೀಲಿಯಾಗಿ ಮರಳಿಸುತ್ತದೆ, ಜಿಂಕೆಯ ಕಣ್ಣು ನೀಲಿಗೆ ಚುರುಕು. ಮಣ್ಣುಬಣ್ಣಕ್ಕೆ ತಿರುಗಿದ ಹಳೆಯ ಕಂಬಳಿ ಹೊದ್ದ ಕುರಿಗಾಹಿ ಯಾವ ಉಪಾಯವನ್ನೂ ಮಾಡದೆಯೇ ಈ ತೊಂದರೆಯಿಂದ ಪಾರಾಗಿರುತ್ತಾನೆ.

ತಲೆಯ ಎರಡು ಪಕ್ಕದಲ್ಲಿ ಕೂತ ಕಣ್ಣು, ಅಡ್ಡಕ್ಕೆ ಉದ್ದನಾದ ಪಾಪೆ. ಇದರಿಂದ ಮೇಯುತ್ತಿರುವಾಗಲೂ ಬೆನ್ನಹಿಂದಿನ ಒಂದು ಕಿರಿದಾದ ಪಟ್ಟಿ ಬಿಟ್ಟರೆ ಸುತ್ತಲ ದಿಗಂತವೆಲ್ಲ ಅದಕ್ಕೆ ಕಾಣುತ್ತಿರುತ್ತದೆ. ಆದರೆ ಈ ನೋಟದಲ್ಲಿ ಅಂಚು ಮೊನಚಾಗಿರುವುದಿಲ್ಲ. ನಿಂತಲ್ಲೇ ನಿಂತ ವಸ್ತು ಮೊಟಕು ಮರವೋ ಮನುಷ್ಯನೋ ಎಂದು ತೀರ್ಮಾನಿಸುವುದು ಅದಕ್ಕೆ ಕಷ್ಟ, ಅಲುಗಿದ್ದನ್ನು ಹಿಡಿಯುವುದು ಸುಲಭ. ಹೀಗಾಗಿ ಎಲ್ಲ ನಾಡಿನ ಬೇಟೆಗಾರರೂ ಒಂದೇ ಕ್ರಮಕ್ಕೆ ಬಂದಿದ್ದಾರೆ. ತಲೆ ಕೆಳಗಿದ್ದಾಗ ಸರಿಯಬೇಕು, ತಲೆ ಎದ್ದೊಡನೆ ಕಲ್ಲಾಗಬೇಕು, ಎತ್ತಿದ ಕಾಲನ್ನೂ ಊರಬಾರದು. ಅನುಮಾನ ಬಂದ ಜಿಂಕೆ ಮುಂಗಾಲಿನಿಂದ ನೆಲ ಗುದ್ದುತ್ತದೆ, ಕತ್ತು ತಗ್ಗಿಸಿ ಮೇಯುವಂತೆ ಮಾಡಿ ಥಟ್ಟನೆ ತಲೆ ಎತ್ತುತ್ತದೆ. ಎದುರಿನದು ಜೀವವೋ ಅಲ್ಲವೋ ಎಂದು ಹೀಗೆ ಕೆಣಕಿ ನೋಡುತ್ತಿರುವಾಗ ಅಲುಗಿದವನ ಬೇಟೆ ಅಲ್ಲಿಗೇ ಮುಗಿಯಿತು.

ಹಿಂಡು ದೊಡ್ಡದಾದಷ್ಟೂ ಕೆಲಸ ಬಿಗಿ. ಒಂದೊಂದು ಪ್ರಾಣಿಯೂ ತಲೆ ಎತ್ತಿ ನೋಡುವ ಹೊತ್ತು ಹಿಂಡಿನಲ್ಲಿ ಕಡಿಮೆಯಾಗುತ್ತದೆ, ಆದರೆ ಯಾವ ಗಳಿಗೆಯಲ್ಲೂ ಯಾವುದೋ ಒಂದು ತಲೆ ಎದ್ದೇ ಇರುತ್ತದೆ. ಚಿಗರಿಯ ಹಿಂಡಿನಲ್ಲಿ ಒಂದು ಹೆಣ್ಣು ಗಾಬರಿಯಾಗಿ ನೇರ ಮೇಲಕ್ಕೆ ನೆಗೆದರೆ ಸಾಕು, ಉಳಿದವೂ ನೆಗೆನೆಗೆಯುತ್ತ ಓಟಕ್ಕೆ ಬೀಳುತ್ತವೆ. ಬೆದೆಗಾಲದಲ್ಲಿ ತನ್ನ ಹಿಕ್ಕೆಯ ಗುಡ್ಡೆಯ ಸುತ್ತ ಗಡಿ ಕಾಯುತ್ತ ನಿಂತ ಒಂಟಿ ಗಂಡು ಹಾಗಲ್ಲ. ಅದರ ಲಕ್ಷ್ಯವೆಲ್ಲ ಎದುರಾಳಿ ಗಂಡಿನ ಮೇಲೆ. ಸಾಕಿ ಪಳಗಿಸಿದ ಗಂಡು ಚಿಗರಿಯ ಕೊಂಬಿಗೆ ಉರುಲಿನ ಹುರಿ ಸುತ್ತಿ ಬಿಟ್ಟು, ಕಾದಾಡಲು ಬಂದ ಕಾಡು ಗಂಡಿನ ಕೊಂಬು ಸಿಕ್ಕಿಕೊಳ್ಳುವಂತೆ ಮಾಡುವ ಉಪಾಯ ಮೊಗಲರ ಕಾಲದ ದಾಖಲೆಗಳಲ್ಲಿದೆ. ಇಲ್ಲಿ ಮನುಷ್ಯ ಹತ್ತಿರ ಹೋಗುವ ಪ್ರಮೇಯವೇ ಇರಲಿಲ್ಲ.

ಗಾಳಿ, ಸದ್ದು

ಕಣ್ಣನ್ನು ಮೋಸಗೊಳಿಸಬಹುದು, ಮೂಗನ್ನು ಆಗದು. ಎರಡನೆಯ ಸಲ ನೋಡಿ ಖಚಿತಪಡಿಸಿಕೊಳ್ಳುವ ಜಿಂಕೆ, ಮನುಷ್ಯನ ವಾಸನೆ ಬಡಿದರೆ ಎರಡನೆಯ ಸಲ ಮೂಸುತ್ತ ನಿಲ್ಲುವುದಿಲ್ಲ. ಬೇಟೆಗಾರ ಮಾಡಬಹುದಾದದ್ದು ಗಾಳಿ ಪ್ರಾಣಿಯ ಕಡೆಯಿಂದ ತನ್ನ ಕಡೆಗೆ ಬೀಸುವಂತೆ ನಿಲ್ಲುವುದಷ್ಟೇ. ಹಿಡಿ ಒಣಮಣ್ಣು ಮೇಲಿನಿಂದ ಬಿಟ್ಟು ಅದು ಯಾವ ಕಡೆ ಸರಿಯಿತೆಂದು ನೋಡುವುದು ಇದರ ಅತಿ ಹಳೆಯ ಸಾಧನ. ಕೃಷ್ಣಾ ಬಯಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದಿಂದ ಒಂದೇ ಸಮನೆ ಗಾಳಿ ಬೀಸುತ್ತದೆ. ಆಗ ಮೂಡಣ ದಿಕ್ಕಿನಿಂದ ಹತ್ತಿರ ಹೋದವನಿಗೆ ವಾಸನೆಯ ಚಿಂತೆ ಇಲ್ಲ, ಗಾಳಿಯ ಸದ್ದಿನಲ್ಲಿ ಹೆಜ್ಜೆಯ ಸದ್ದೂ ಮುಚ್ಚಿಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಇದಕ್ಕೆ ತದ್ವಿರುದ್ಧ. ಕಾದ ನೆಲದಿಂದ ಸುಳಿಗಾಳಿ ಏಳುತ್ತಿರುವಾಗ ದಿಕ್ಕು ಗಳಿಗೆಗೊಮ್ಮೆ ಬದಲಾಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಬೆಳಗಿನ ಬಿಸಿಲೇರಿದಂತೆ ಗಾಳಿ ಮೇಲೇರುತ್ತದೆ, ಸಂಜೆ ತಂಪಾದಂತೆ ಕಣಿವೆಗೆ ಇಳಿಯುತ್ತದೆ. ಬೆಳಿಗ್ಗೆ ಸರಿಯಾದ ಜಾಗವೆನಿಸಿದ ಬಂಡೆಯ ಮರೆ ಸಂಜೆಗೆ ಕೆಲಸಕ್ಕೆ ಬಾರದೆ ಹೋಗುವುದು ಇದರಿಂದಲೇ.

ಸದ್ದಿನ ವಿಷಯ ಬಿಲ್ಲುಗಾರನಿಗೆ ಇನ್ನೊಂದು ರೀತಿಯಲ್ಲಿ ಕಾಡುತ್ತದೆ. ಸಾದಾ ಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ಹೋಗುತ್ತದೆ, ಹೆದೆಯ ಸದ್ದು ಸುಮಾರು 340 ಮೀಟರ್. ಇಪ್ಪತ್ತು ಮೀಟರ್ ದೂರದ ಪ್ರಾಣಿಗೆ ಸದ್ದು ಸೆಕೆಂಡಿನ ನೂರರಲ್ಲಿ ಆರು ಭಾಗದಲ್ಲಿ ಮುಟ್ಟಿದರೆ ಬಾಣ ಮುಟ್ಟಲು ನಲವತ್ತು ಭಾಗ ಬೇಕು. ಮಧ್ಯೆ ಉಳಿಯುವ ಮೂರನೆಯ ಒಂದು ಸೆಕೆಂಡಿನಲ್ಲಿ ಗಾಬರಿಗೊಂಡ ಜಿಂಕೆ ನೆಗೆಯಲು ಮೈಯನ್ನು ಕೆಳಕ್ಕೆ ಕುಗ್ಗಿಸಿರುತ್ತದೆ, ಬಾಣ ಬೆನ್ನ ಮೇಲಿಂದ ಹಾಯುತ್ತದೆ ಇಲ್ಲವೆ ಕೊಲ್ಲದ ಗಾಯ ಮಾಡುತ್ತದೆ. ಆದ್ದರಿಂದ ಬಾಣ ಬಿಟ್ಟ ಕ್ಷಣದಲ್ಲೂ ಪ್ರಾಣಿ ನಿರಾಳವಾಗಿರಬೇಕು. ಮೈಮರೆತು ಮೇಯುವ ಜಿಂಕೆಗೂ ಕಿವಿ ನಿಮಿರಿಸಿ ನಿಂತ ಜಿಂಕೆಗೂ ಇರುವ ಅಂತರವೇ ಗುರಿಗೂ ಗುರಿ ತಪ್ಪುವುದಕ್ಕೂ ಇರುವ ಅಂತರ.

ಎತ್ತಿನ ಮರೆ

ಮರವಿಲ್ಲದ, ಪೊದೆಯಿಲ್ಲದ ಬಯಲಿನಲ್ಲಿ ಮನುಷ್ಯ ಎಲ್ಲಿ ಅಡಗಬೇಕು? ಈ ಪ್ರಶ್ನೆಗೆ ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಗಡಿಸೀಮೆಯಲ್ಲಿ ಸಿಕ್ಕ ಉತ್ತರ ಬೇರೆ ಕಡೆಗಳಿಗಿಂತ ಜಾಣತನದ್ದು. ಆ ಉತ್ತರ ಕಂಡವರು ಹರಣಶಿಕಾರಿಗಳು. ಅಡವಿಚಿಂಚೇರ, ಫಾಸೆ ಪಾರ್ಧಿ, ಚಿಗರಿ ಬೇಟೆಗಾರ ಎಂಬ ಹೆಸರುಗಳೂ ಇವರಿಗಿವೆ. ಮನೆಮಾತು ಗುಜರಾತಿಗೆ ಹತ್ತಿರದ್ದು. ಬೆಳಗಾವಿ, ವಿಜಯಪುರ, ಧಾರವಾಡ, ಗದಗ ಸೀಮೆಗಳಲ್ಲಿ ತಲೆಮಾರುಗಳಿಂದ ಇರುವವರು, ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಪಾರ್ಧಿ ಹೆಸರಿನೊಂದಿಗೆ ಸೇರಿದವರು.

ಇವರ ಮುಖ್ಯ ಸಾಧನ ಬಿಲ್ಲಲ್ಲ, ಉರುಲು. ಪ್ರಾಣಿಗಳ ನರದಿಂದ ಹೊಸೆದ ಗಟ್ಟಿ ಹುರಿಯ ಕುಣಿಕೆಗಳನ್ನು ಸಾಲಾಗಿ ಒಂದು ಉದ್ದ ಹಗ್ಗಕ್ಕೆ ಕಟ್ಟಿ, ಗೂಟಗಳಿಂದ ನೆಲಕ್ಕೆ ಬಿಗಿದು, ಚಿಗರಿಗಳು ಹಾಯುವ ದಾರಿಯಲ್ಲಿ ಹಾಸುತ್ತಿದ್ದರು. ಹಿಂಡಿನ ಕಣ್ಣೆದುರಿಗೇ ಇದನ್ನು ಹಾಸುವುದು, ಆಮೇಲೆ ಹಿಂಡನ್ನು ಬೆದರಿಸದೆ ಆ ಕಡೆಗೆ ಸರಿಸುವುದು ಪಳಗಿದ ಎತ್ತಿನಿಂದ ಸಾಧ್ಯವಾಗುತ್ತಿತ್ತು. ಎತ್ತಿನ ಮೂಗುದಾರದ ಹಗ್ಗ ಬೇಟೆಗಾರನ ಕೈಯಲ್ಲಿ. ಅವನು ಅದರ ಪಕ್ಕೆಗೆ ಮೈ ತಾಗಿಸಿ, ಬಗ್ಗಿ, ಅದರ ಕಾಲಿನ ಲಯಕ್ಕೇ ತನ್ನ ಕಾಲು ಸೇರಿಸಿ ನಡೆಯುತ್ತಾನೆ. ಎತ್ತು ಎಂದೂ ನೇರವಾಗಿ ಹಿಂಡಿನತ್ತ ಹೋಗುವುದಿಲ್ಲ. ಓರೆಯಾಗಿ ಹೋಗಿ, ನಿಂತು, ಎರಡು ಬಾಯಿ ಮೇದು, ತಿರುಗಿ ಇನ್ನೊಂದು ಓರೆ ಹಿಡಿಯುತ್ತದೆ. ಚಿಗರಿ ತಲೆ ಎತ್ತಿದಾಗ ಅದಕ್ಕೆ ಕಾಣುವುದು ದಿನವೂ ಹೊಲದಲ್ಲಿ ಕಾಣುವ ಒಂದು ದನ. ದನದ ವಾಸನೆ ಮನುಷ್ಯನ ವಾಸನೆಯನ್ನೂ ಸ್ವಲ್ಪಮಟ್ಟಿಗೆ ಮುಚ್ಚುತ್ತದೆ.

ಇಲ್ಲಿ ಬೇಟೆಗಾರ ಕಾಣದ ಹಾಗೆ ಆಗಿಲ್ಲ, ಕಂಡರೂ ಲೆಕ್ಕಕ್ಕೆ ಬಾರದವನಾಗಿದ್ದಾನೆ. ಬಯಲಿನ ಬೇಟೆಯ ಸಾರವೆಲ್ಲ ಇದರಲ್ಲಿದೆ. ಎಲೆಚಿತ್ರದ ಬಟ್ಟೆಗಾಗಲಿ ಮರೆಗೂಡಾರಕ್ಕಾಗಲಿ ಇಷ್ಟು ಆಳವಾದ ಪ್ರಾಣಿಜ್ಞಾನ ಬೇಕಿಲ್ಲ. ಚಿಗರಿ ಯಾವುದನ್ನು ಅಪಾಯವೆಂದು ಎಣಿಸುವುದಿಲ್ಲ, ಎಷ್ಟು ದೂರದವರೆಗೆ ಎಣಿಸುವುದಿಲ್ಲ, ಯಾವ ನಡಿಗೆಗೆ ಎಣಿಸತೊಡಗುತ್ತದೆ ಎಂಬುದನ್ನು ತಲೆಮಾರುಗಳ ನೋಟದಿಂದ ಕಲಿತ ಜನರ ವಿದ್ಯೆ ಇದು. ಅಕ್ಷರ ಬಲ್ಲವರು ಇದನ್ನು ವಿದ್ಯೆಯೆಂದು ಕರೆಯಲಿಲ್ಲ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ನೆರಳಿನಲ್ಲಿ ಪಾರ್ಧಿಗಳು ಹುಟ್ಟಿನಿಂದಲೇ ಕಳ್ಳರೆನಿಸಿಕೊಂಡರು. ಮುಂಬಯಿ ಪ್ರಾಂತದ ಕಾಲದಲ್ಲಿ ಹುಬ್ಬಳ್ಳಿ, ಗದಗದಂಥ ಊರುಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಆ ಬಡಾವಣೆಗಳಿಗೆ ಇಂದಿಗೂ ಅದೇ ಹೆಸರು. ಕಾಯ್ದೆ ರದ್ದಾಗಿ ಅವರು ವಿಮುಕ್ತರಾದದ್ದು 1952ರ ಆಗಸ್ಟ್ 31ರಂದು. ಇಪ್ಪತ್ತು ವರ್ಷಗಳ ಮೇಲೆ ವನ್ಯಜೀವಿ ಕಾಯ್ದೆ ಬಂದಾಗ ಅವರ ಕುಲಕಸುಬೇ ಅಪರಾಧವಾಯಿತು. ಚಿಗರಿಯನ್ನು ಉಳಿಸುವುದಕ್ಕೆ ಆ ಕಾಯ್ದೆ ಬೇಕಿತ್ತು. ಕಸುಬು ಕಳೆದುಕೊಂಡವರಿಗೆ ಬದಲಿ ಬದುಕು ಕೊಡುವ ಕೆಲಸ ಮಾತ್ರ ಅಷ್ಟೇ ಕಟ್ಟುನಿಟ್ಟಾಗಿ ಆಗಲಿಲ್ಲ ಎನ್ನುವುದನ್ನೂ ಹೇಳಲೇಬೇಕು.

ಅರಸರ ಬೇಟೆ

ಗಾಡಿಯ ಮರೆ ಎತ್ತಿನ ಮರೆಯ ಯೋಚನೆಯದೇ ಅರಮನೆ ರೂಪ. ರಾಯಬಾಗ ಸೀಮೆ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಕೊಲ್ಹಾಪುರ ಸಂಸ್ಥಾನದ್ದಾಗಿತ್ತು. ಚೀತಾ ಬಿಟ್ಟು ಚಿಗರಿ ಹಿಡಿಸುವ ಬೇಟೆಗೆ ಕೊಲ್ಹಾಪುರ ಹೆಸರಾದ ಸಂಸ್ಥಾನ. ಭಾರತದ ಚೀತಾಗಳು ಸಿಗದಂತಾದ ಮೇಲೆ ಆಫ್ರಿಕಾದಿಂದ ತರಿಸಿ ಸಾಕಿದ್ದೂ ಉಂಟು. ಕಣ್ಣಿಗೆ ಕುಲಾವಿ ಕಟ್ಟಿದ ಚೀತಾವನ್ನು ಸಾದಾ ಎತ್ತಿನ ಗಾಡಿಯ ಮೇಲೆ ಕೂರಿಸಿ, ರೈತನ ಗಾಡಿಯಂತೆ ಹೊಲದ ದಾರಿಯಲ್ಲಿ ಹಿಂಡನ್ನು ಬಳಸುತ್ತ ಬಳಸುತ್ತ ಹತ್ತಿರ ಒಯ್ಯುತ್ತಿದ್ದರು. ದಿನವೂ ಗಾಡಿ ಕಂಡ ಚಿಗರಿಗಳು ಅದಕ್ಕೆ ಹೆದರುತ್ತಿರಲಿಲ್ಲ. ತೀರ ಸನಿಹಕ್ಕೆ ಬಂದಾಗ ಕುಲಾವಿ ತೆಗೆದು ಬಿಟ್ಟರೆ ಮುಂದಿನದು ಕೆಲವೇ ಸೆಕೆಂಡುಗಳ ಓಟ. ಭಾರತದಲ್ಲಿ ಚೀತಾ ಅಳಿದುಹೋಯಿತೆಂದು 1952ರಲ್ಲಿ ಘೋಷಣೆಯಾಯಿತು.

ಅರಸರ ಈ ಬೇಟೆಯ ಬೇರು ಇನ್ನೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಿನೋದಗಳ ಭಾಗದಲ್ಲಿ ಬೇಟೆಗೇ ಮೀಸಲಾದ ಅಧ್ಯಾಯವಿದೆ. ಜಿಂಕೆ ಬೇಟೆಯ ಹಲವು ಬಗೆಗಳನ್ನು ಅದು ವಿಂಗಡಿಸುತ್ತದೆ: ನೀರಿನ ತಾಣದಲ್ಲಿ ಕಾಯುವುದು, ಪಳಗಿಸಿದ ಜಿಂಕೆಯನ್ನು ತೋರಿಸಿ ಸೆಳೆಯುವುದು, ಚೀತಾ ಬಿಡುವುದು ಹೀಗೆ. ಚೀತಾ ಬೇಟೆಯ ಬಗ್ಗೆ ಭಾರತದಲ್ಲಿ ಸಿಗುವ ಅತಿ ಹಳೆಯ ಸ್ಪಷ್ಟ ಬರಹವಾಗಿ ಇದನ್ನು ಚರಿತ್ರಕಾರರು ಎಣಿಸುತ್ತಾರೆ. ಬಾದಾಮಿ ಬಳಿಯ ಸಿಡಿಲಫಡಿಯ ಬಂಡೆಚಿತ್ರಗಳಿಂದ ಹಂಪಿಯ ಮಹಾನವಮಿ ದಿಬ್ಬದ ಬೇಟೆಯ ಸಾಲುಗಳವರೆಗೆ ಪ್ರಾಣಿಯೂ ಬೇಟೆಗಾರನೂ ಕನ್ನಡ ನಾಡಿನ ಕಲ್ಲಿನಲ್ಲಿ ಮತ್ತೆ ಮತ್ತೆ ಬರುತ್ತಾರೆ. ಆದರೆ ಹೇಗೆ ಮರೆಯಾಗಿ ಹತ್ತಿರ ಹೋದರು ಎಂಬುದನ್ನು ಶಿಲ್ಪ ಹೇಳಲಾರದು, ಸೋಮೇಶ್ವರನ ಗ್ರಂಥ ಹೇಳುತ್ತದೆ.

ನೀರಿನ ಬಳಿ ಹೊಂಚಿ ಕೂರುವುದು ಬಿಲ್ಲಿಗೆ ಹೆಚ್ಚು ಒಗ್ಗುವ ಕ್ರಮ. ಬೇಟೆಗಾರ ಅಲುಗಬೇಕಿಲ್ಲ, ಪ್ರಾಣಿಯೇ ಬರುತ್ತದೆ. ದಂಡೆಯಲ್ಲಿ ಸೊಂಟದಾಳದ ಗುಂಡಿ ತೋಡಿ, ಅಗೆದ ಹಸಿಮಣ್ಣು ಕಾಣದಂತೆ ದೂರ ಒಯ್ದು ಚೆಲ್ಲಿ, ಮುಂದೆ ಮುಳ್ಳುಕಂಟಿ ಇಟ್ಟುಕೊಂಡರೆ ತಲೆ ಮಾತ್ರ ನೆಲಮಟ್ಟದಲ್ಲಿ ಇರುತ್ತದೆ. ಅಪಾಯವೂ ಇಲ್ಲೇ ಹೆಚ್ಚು, ಕಾರಣ ಬರುವುದು ಜಿಂಕೆಯೇ ಎಂದು ಮೊದಲೇ ನಂಬಿ ಕೂತಿರುತ್ತಾನೆ. ಕೊಡ ತುಂಬುವ ಸದ್ದಿಗೆ ಬಾಣ ಬಿಟ್ಟ ದಶರಥ, ಜಿಂಕೆಯ ರೂಪದ ಋಷಿಯನ್ನು ಕೊಂದ ಪಾಂಡು, ಕೃಷ್ಣನ ಅಂಗಾಲನ್ನು ಜಿಂಕೆಯೆಂದು ಬಗೆದ ಬೇಡ. ನಮ್ಮ ಎರಡು ಮಹಾಕಾವ್ಯಗಳ ದೊಡ್ಡ ದುರಂತಗಳಲ್ಲಿ ಮೂರು ಮರೆ ಬೇಟೆಯ ತಪ್ಪು ಗುರಿಯಿಂದಲೇ ಹುಟ್ಟಿವೆ.

ಕಾಡಿನ ನಾಡಿನಲ್ಲಿ

ಮಲೆನಾಡಿನಲ್ಲಿ ಮರೆಗೆ ಬರವಿಲ್ಲ, ತೊಡಕಿರುವುದು ತರಗೆಲೆಯ ಸದ್ದಿನದು ಮತ್ತು ಕಾವಲುಗಾರರದು. ಮೇಲೆ ಕೂತ ಮುಸುವ ಕಂಡದ್ದನ್ನು ಕೆಳಗೆ ಮೇಯುವ ಚುಕ್ಕೆ ಜಿಂಕೆ ಕೂಗಿನಿಂದಲೇ ತಿಳಿಯುತ್ತದೆ. ಕಾಡುಕುರಿ ಬೊಗಳುತ್ತದೆ, ಕಡವೆ ಬಾಲ ಎತ್ತಿ ಗಡುಸಾಗಿ ಕೂಗಿ ಕಾಲು ಗುದ್ದುತ್ತದೆ. ಒಬ್ಬರ ಎಚ್ಚರಿಕೆ ಕಾಡಿಗೆಲ್ಲ ಎಚ್ಚರಿಕೆ. ಅದಕ್ಕೇ ಇಲ್ಲಿ ಹೊಂಚಿಗಿಂತ ಸೋವುವ ಬೇಟೆ ಬಲವಾಗಿ ಬೆಳೆಯಿತು. ಒಂದು ತಂಡ ಗದ್ದಲ ಮಾಡುತ್ತ ಹಳು ನುಗ್ಗಿದರೆ ಇನ್ನೊಂದು ತಂಡ ಕಂಡಿಗಳಲ್ಲಿ ಕಾಯುತ್ತಿತ್ತು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಇಂಥ ಬೇಟೆಯ ಲೋಕವನ್ನು ಒಳಗಿನಿಂದ ತೋರಿಸುವ ಪುಸ್ತಕ.

ಹೊರನಾಡಿನಲ್ಲಿ ಈ ವಿದ್ಯೆಯ ಪುನರುಜ್ಜೀವನಕ್ಕೆ ಕಾರಣನಾದವನು ಇಶಿ. ಕ್ಯಾಲಿಫೋರ್ನಿಯಾದ ಯಾಹಿ ಜನಾಂಗದಲ್ಲಿ ಕೊನೆಗುಳಿದ ಇವನು 1911ರಲ್ಲಿ ಒರೊವಿಲ್ ಬಳಿ ಹೊರಜಗತ್ತಿನ ಕಣ್ಣಿಗೆ ಬಿದ್ದ, 1916ರಲ್ಲಿ ತೀರಿಕೊಂಡ. ಅವನಿಂದ ಬಿಲ್ಲು ಕಲಿತ ವೈದ್ಯ ಸ್ಯಾಕ್ಸ್ಟನ್ ಪೋಪ್ 1923ರಲ್ಲಿ ಬಿಲ್ಲುಬೇಟೆಯ ಪುಸ್ತಕ ಪ್ರಕಟಿಸಿದ. ಬೇಟೆಗೆ ಮುಂಚೆ ಮೈ ತೊಳೆದುಕೊಳ್ಳುವುದು, ಹೊಗೆಸೊಪ್ಪು ಸೇದದಿರುವುದು, ಜಿಂಕೆಯ ತಲೆಯ ಗೊಂಬೆ ಧರಿಸಿ ಪೊದೆಯ ಹಿಂದೆ ಆಡಿಸಿ ಅದರ ಕುತೂಹಲ ಕೆರಳಿಸುವುದು ಇಶಿಯ ಪದ್ಧತಿಗಳು. ಇಂದು ಅಮೆರಿಕದಲ್ಲಿ ಪರವಾನಗಿ ಪಡೆದು, ಗೊತ್ತಾದ ಋತುವಿನಲ್ಲಿ ಲಕ್ಷಾಂತರ ಮಂದಿ ಬಿಲ್ಲಿನಿಂದ ಜಿಂಕೆ ಬೇಟೆ ಆಡುತ್ತಾರೆ.

ಕಾಯ್ದೆ ಮತ್ತು ಈಗಿನ ಸ್ಥಿತಿ

ಭಾರತದ ಕಾಯ್ದೆಯಲ್ಲಿ ಚಿಗರಿ ಮೊದಲನೆಯ ಅನುಸೂಚಿಯ ಪ್ರಾಣಿ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಲು ಒಡ್ಡುವುದು, ಅಟ್ಟುವುದು, ಆಮಿಷ ಇಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯ ವ್ಯಾಖ್ಯೆಗೆ ಒಳಪಡುತ್ತವೆ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ, ಮೇಲೆ ದಂಡ. ಬಿಲ್ಲಿಗೆಂದು ಪ್ರತ್ಯೇಕ ವಿನಾಯಿತಿ ಇಲ್ಲ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಸ್ಥಾಪನೆಯಾಯಿತು. ಅದರ ವಿಸ್ತಾರ 119 ಚದರ ಕಿಲೋಮೀಟರ್. ತುಮಕೂರು ಜಿಲ್ಲೆಯ ಮೈದನಹಳ್ಳಿಯ ಜಯಮಂಗಲಿ ಮೀಸಲು 798 ಎಕರೆಯಷ್ಟು ಚಿಕ್ಕದಾದರೂ ಹುಲ್ಲುಗಾವಲಿನ ಚಿಗರಿಯನ್ನು ಹತ್ತಿರದಿಂದ ನೋಡಲು ತಕ್ಕ ಜಾಗ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರಕ್ಕೆ ಮೀಸಲಾದ ಧಾಮ. ಬೇಟೆಗಾರನ ಉಪಾಯಗಳನ್ನು ಈಗ ಬಳಸುವವರು ಎಣಿಕೆಗೆ ಹೋಗುವ ಅರಣ್ಯ ಸಿಬ್ಬಂದಿ, ಸಂಶೋಧಕರು ಮತ್ತು ಛಾಯಾಗ್ರಾಹಕರು. ಎಣಿಕೆಯ ಸಾಲಿನಲ್ಲಿ ಮೆಲ್ಲಗೆ ನಡೆಯುವುದು, ಪ್ರಾಣಿ ಬೆದರುವ ಮೊದಲೇ ಅದನ್ನು ಕಾಣುವುದು ಲೆಕ್ಕ ಸರಿಬರಲು ಅಗತ್ಯ. ಛಾಯಾಗ್ರಾಹಕರು ಕಾರಿನಿಂದ ಇಳಿಯದೆ ಚಿತ್ರ ತೆಗೆಯುವುದರಲ್ಲಿ ಹಳೆಯ ಗಾಡಿಯ ಮರೆಯೇ ಮುಂದುವರಿದಿದೆ.

ಐನಾಪುರದ ಸುತ್ತಿನ ಕಬ್ಬಿನಲ್ಲಿ ಚಿಗರಿಗೆ ಜಾಗವಿಲ್ಲ. ಆಳೆತ್ತರದ ಗದ್ದೆಯೊಳಗೆ ಅದರ ಕಣ್ಣೂ ಓಟವೂ ಉಪಯೋಗಕ್ಕೆ ಬಾರವು. ಮಳೆಯಾಶ್ರಯದ ಬೇಸಾಯ ಉಳಿದಿರುವ ಕೊಪ್ಪಳ, ಗದಗ ಜಿಲ್ಲೆಗಳಲ್ಲಿ ಹಿಂಡುಗಳು ಇನ್ನೂ ಇವೆ. ಅಲ್ಲಿ ರೈತರ ದೂರು ಬೇರೆಯೇ: ಬೇಟೆಯ ಭಯ ಕಳೆದ ಚಿಗರಿಗಳು ಹೆಸರು, ಕಡಲೆ, ಶೇಂಗಾ ಮೊಳಕೆಯೊಡೆದ ಹೊಲಗಳಿಗೆ ಹಗಲಲ್ಲೇ ಇಳಿಯುತ್ತವೆ. ಬೆದರುಗೊಂಬೆಗೆ ಎರಡು ದಿನ ಅಂಜುತ್ತವೆ, ಮೂರನೆಯ ದಿನ ಅದರ ಬುಡದಲ್ಲೇ ಮೇಯುತ್ತವೆ. ಬೆಳೆ ನಷ್ಟಕ್ಕೆ ಸರ್ಕಾರದ ಪರಿಹಾರವಿದ್ದರೂ ಅದು ಸಾಲದೆಂದೂ, ಹಿಂಡುಗಳಿಗೆಂದೇ ಹುಲ್ಲುಗಾವಲು ಬಿಟ್ಟು ಪ್ರತ್ಯೇಕ ಧಾಮ ಮಾಡಬೇಕೆಂದೂ ಆ ಭಾಗದ ರೈತರು ಕೇಳುತ್ತ ಬಂದಿದ್ದಾರೆ.